ದೇವಕಣಗಿಲೆ: ನೀರು ಹಾಕುವ ಮುಂಚೆ ಎಲೆ ನೋಡಿ

ಹೊಸಬರ ಕೈಯಲ್ಲಿ ದೇವಕಣಗಿಲೆ ಬಾಯಾರಿ ಸಾಯುವುದು ಅಪರೂಪ. ನೀರು ಹೆಚ್ಚಾಗಿಯೇ ಸಾಯುತ್ತದೆ. ಎಲೆ ಉದುರಿದ್ದು ಕಂಡು ಒಂದು ಚೊಂಬು, ಚಿಗುರು ಬಾರದ್ದು ಕಂಡು ಇನ್ನೊಂದು ಚೊಂಬು ಸುರಿಯುತ್ತ ಹೋದರೆ ಕೆಲವೇ ವಾರಗಳಲ್ಲಿ ಬುಡ ಮೆತ್ತಗಾಗಿ, ಒತ್ತಿದರೆ ತೊಗಟೆ ಕಳಚಿ ಬರುತ್ತದೆ. ಈ ಗಿಡದ ಮೈಕಟ್ಟು ಒಮ್ಮೆ ಅರ್ಥವಾದರೆ ಆ ತಪ್ಪು ಮತ್ತೆ ಆಗುವುದಿಲ್ಲ. ಮಣ್ಣು, ಕುಂಡ, ಗೊಬ್ಬರ, ಕಡ್ಡಿ ನೆಡುವ ಕ್ರಮ ಎಲ್ಲವೂ ಅದೇ ತಿಳಿವಳಿಕೆಯ ಬೆನ್ನಿಗೆ ಬರುತ್ತವೆ.

ಎಳೆಯ ಕೊಂಬೆಯನ್ನು ಅಡ್ಡ ಕತ್ತರಿಸಿ ನೋಡಿ. ಮೊದಲು ಬಿಳಿ ಸೊನೆ ಒಸರುತ್ತದೆ. ಅದನ್ನು ಒರೆಸಿದರೆ ಹೊರಗೆ ತೊಗಟೆ, ಒಳಗೆ ದಪ್ಪಗೆ ಹಸಿಯಾದ, ಮೆದು ತಿರುಳು. ಅದೇ ಗಿಡದ ನೀರಿನ ತೊಟ್ಟಿ. ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಉತ್ತರ ಭಾಗ ಇದರ ತವರು. ಮಳೆಯಿಲ್ಲದ ತಿಂಗಳುಗಳನ್ನು ಇದು ಎಲೆಯನ್ನೆಲ್ಲ ಕಳಚಿ, ಕೊಂಬೆಯಲ್ಲಿ ತುಂಬಿಟ್ಟ ನೀರಿನಲ್ಲೇ ಕಳೆಯುತ್ತದೆ. ಹಾಗಾಗಿ ಬೋಳು ಕೊಂಬೆ ಎಂದರೆ ರೋಗವಲ್ಲ, ನಿದ್ದೆ.

ಬೇರು ಹೀರಿದ ನೀರು ಹೊರಹೋಗುವ ದಾರಿ ಎಲೆ. ಎಲೆಯೇ ಇಲ್ಲದಾಗ ಬೇರು ನೀರನ್ನು ಎಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆಗ ಹಾಕಿದ ನೀರು ಕುಂಡದಲ್ಲೇ ಉಳಿದು ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನು ಹೊರದೂಡುತ್ತದೆ. ಗಾಳಿಯಿಲ್ಲದೆ ಬೇರು ಉಸಿರುಗಟ್ಟುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಅಲ್ಲಿಂದ ಕೊಳೆ ಮೆದು ತಿರುಳನ್ನು ಹಿಡಿದು ಮೇಲೇರುತ್ತದೆ. ಎಲೆ ಎಷ್ಟಿದೆಯೋ ನೀರು ಅಷ್ಟು: ತುಂಬು ಎಲೆಯ ಗಿಡಕ್ಕೆ ಧಾರಾಳ, ನಾಲ್ಕೇ ಎಲೆಯ ಗಿಡಕ್ಕೆ ಸ್ವಲ್ಪ, ಬೋಳು ಗಿಡಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು.

ಯಾವ ಗಿಡ ತರುವುದು?

ಇದಕ್ಕೆ ಕಾಡುಸಂಪಿಗೆ, ಗೋಸಂಪಿಗೆ ಎಂಬ ಹೆಸರುಗಳೂ ಇವೆ. ನರ್ಸರಿಯವರು ಪ್ಲುಮೇರಿಯ ಅಥವಾ ಫ್ರಾಂಜಿಪಾನಿ ಎನ್ನುತ್ತಾರೆ. ನಿಜವಾದ ಸಂಪಿಗೆಗೂ ಇದಕ್ಕೂ ಯಾವ ನಂಟೂ ಇಲ್ಲ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಅಡೀನಿಯಂ ಇವು ಇದರ ಒಡಹುಟ್ಟಿದವು, ಎಲ್ಲವೂ ಅಪೊಸೈನೇಸಿ ಕುಟುಂಬಕ್ಕೆ ಸೇರಿದವು. ಹೆಸರಿಟ್ಟವರು ಸಸ್ಯಶಾಸ್ತ್ರ ಓದಿರದಿದ್ದರೂ ದೇವಕಣಗಿಲೆ ಎಂಬ ಹೆಸರು ಮಾತ್ರ ಸರಿಯಾಗಿಯೇ ಕುಳಿತಿದೆ. ಪ್ಲುಮೇರಿಯ ಎಂಬುದು ಫ್ರೆಂಚ್ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಲುಮಿಯೆ ಅವರ ನೆನಪಿನ ಹೆಸರು.

ಮನೆಯಂಗಳಕ್ಕೆ ಸಾಮಾನ್ಯವಾಗಿ ಸಿಗುವ ಜಾತಿಗಳು ಮೂರು. ಎಲೆಯ ತುದಿ ನೋಡಿಯೇ ಗುರುತಿಸಬಹುದು. ತುದಿ ಚೂಪಾಗಿದ್ದರೆ ಪ್ಲುಮೇರಿಯ ರೂಬ್ರಾ. ಕೆಂಪು, ಗುಲಾಬಿ, ಹಳದಿ, ಮಿಶ್ರವರ್ಣದ ತಳಿಗಳಲ್ಲಿ ಬಹುಪಾಲು ಇದರವು, ಚಳಿಗೆ ಎಲೆ ಪೂರ್ತಿ ಉದುರಿಸುತ್ತವೆ. ತುದಿ ದುಂಡಗಿದ್ದು ಎಲೆ ಕಡುಹಸಿರಾಗಿ ಹೊಳೆಯುತ್ತಿದ್ದರೆ ಪ್ಲುಮೇರಿಯ ಒಬ್ಟೂಸಾ. ಹಳದಿ ನಡುವಿನ ಬಿಳಿ ಹೂ, ಬೆಚ್ಚಗಿನ ಜಾಗದಲ್ಲಿ ವರ್ಷವಿಡೀ ಹಸಿರು. ಎಲೆ ಹಾವಿನ ಹೆಡೆಯಂತೆ ತುದಿಯಲ್ಲಿ ಅಗಲವಾಗಿದ್ದರೆ ಪ್ಲುಮೇರಿಯ ಪುಡಿಕಾ. ಮೊದಲ ಗಿಡವಾಗಿ ಪುಡಿಕಾ ತಂದರೆ ನೆಮ್ಮದಿ: ಕಡ್ಡಿ ಸುಲಭವಾಗಿ ಬೇರುಬಿಡುತ್ತದೆ, ತಿಂಗಳುಗಟ್ಟಲೆ ಹೂ ಕೊಡುತ್ತದೆ. ಆದರೆ ಪರಿಮಳವನ್ನು ಅದರಿಂದ ನಿರೀಕ್ಷಿಸಬೇಡಿ. ಘಮ ಬೇಕೆಂದರೆ ರೂಬ್ರಾ. ಒಬ್ಟೂಸಾದ ಕಡ್ಡಿ ಬೇರುಬಿಡುವ ಮೊದಲೇ ಕೊಳೆಯುವುದು ಹೆಚ್ಚು, ಅದನ್ನು ಬೇರುಬಿಟ್ಟ ಗಿಡವಾಗಿಯೇ ಕೊಳ್ಳುವುದು ಜಾಣತನ.

ಕೊಳ್ಳುವಾಗ ಹೂವಿನ ಫೋಟೊ ನಂಬಬೇಡಿ. ಒಂದೇ ಗಿಡದ ಹೂ ಬಿಸಿಲು ಏರಿದಾಗ ಒಂದು ಬಣ್ಣ, ತಂಪಿದ್ದಾಗ ಇನ್ನೊಂದು. ಅರಳಿದ ದಿನ ಗಾಢವಾಗಿದ್ದದ್ದು ಮೂರನೇ ದಿನಕ್ಕೆ ತಿಳಿಯಾಗಬಹುದು. ಆನ್‌ಲೈನಿನಲ್ಲಿ ಕಾಣುವ ಅಚ್ಚ ನೀಲಿ ದೇವಕಣಗಿಲೆ ಮಾತ್ರ ಕಂಪ್ಯೂಟರಿನಲ್ಲಿ ಅರಳಿದ್ದು. ಆ ಬಣ್ಣದ ತಳಿಯೇ ಇಲ್ಲ, ಆ ಹೆಸರಿನ ಬೀಜಕ್ಕೆ ದುಡ್ಡು ಹಾಕಬೇಡಿ. ಹೂವಿಗಿಂತ ಬುಡ ನೋಡಿ ಕೊಳ್ಳಿ. ಕುಂಡವನ್ನು ಹಿಡಿದು ಕಾಂಡವನ್ನು ಮೆಲ್ಲಗೆ ಅಲುಗಿಸಿದಾಗ ಮಣ್ಣಿನ ಜೊತೆಗೇ ಅಲುಗಬೇಕು; ಕಾಂಡವೊಂದೇ ಸಡಿಲವಾಗಿ ಓಲಾಡಿದರೆ ಅದು ಬೇರಿಲ್ಲದ ಕಡ್ಡಿ.

ಕಡ್ಡಿಯಿಂದ ಗಿಡ

ಕಡ್ಡಿ ಕತ್ತರಿಸಲು ಸರಿಯಾದ ಕಾಲ ಚಳಿ ಮುಗಿದು ಸುಳಿಯಲ್ಲಿ ಹೊಸ ಚಿಗುರು ಇಣುಕುವ ಹೊತ್ತು. ಮುಂದೆ ಬರುವ ಬೆಚ್ಚಗಿನ ತಿಂಗಳುಗಳಲ್ಲಿ ಬೇರಿಗೆ ಸಮಯ ಸಿಗುತ್ತದೆ. ಚಳಿಯ ಹೊಸ್ತಿಲಲ್ಲಿ ಕತ್ತರಿಸಿದ ಕಡ್ಡಿಯನ್ನು ನೆಡದೆ ಒಣ ಜಾಗದಲ್ಲಿ ಹಾಗೇ ಇಟ್ಟು ಕಾಯುವುದೇ ಮೇಲು; ದಪ್ಪ ಕಡ್ಡಿ ತಿಂಗಳೆರಡು ತಿಂಗಳು ತಡೆಯುತ್ತದೆ.

ಹಸಿರು ತುದಿ ಬೇಡ. ತೊಗಟೆ ಬೂದುಬಣ್ಣಕ್ಕೆ ತಿರುಗಿದ, ಹೆಬ್ಬೆರಳಿನಷ್ಟು ಅಥವಾ ಇನ್ನೂ ದಪ್ಪದ, 30ರಿಂದ 45 ಸೆಂಟಿಮೀಟರ್ ಉದ್ದದ ಕೊಂಬೆ ಆರಿಸಿ. ಎಳೆಯ ಹಸಿರು ಕೊಂಬೆಯಲ್ಲಿ ಕೂಡಿಟ್ಟ ಆಹಾರ ಕಡಿಮೆ, ಕೊಳೆಯುವುದು ಬೇಗ. ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಂದೇ ಏಟಿಗೆ ಕತ್ತರಿಸಿ. ಸೊನೆ ಚರ್ಮಕ್ಕೆ ತುರಿಕೆ ತರಬಹುದು, ಕಣ್ಣಿಗಂತೂ ಉರಿ. ಕೈಗವಸು ಹಾಕಿ, ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ, ಒಣಗಿದರೆ ಕಲೆ ಹೋಗುವುದಿಲ್ಲ. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು.

ಕತ್ತರಿಸಿದ ಮುಖವನ್ನು ಈಗ ಗಮನಿಸಿ. ನಡುವಿನ ತಿರುಳು ಬಿಳಿ ಅಥವಾ ಕೆನೆಬಣ್ಣದಲ್ಲಿ ಇದ್ದರೆ ಒಳ್ಳೆಯದು. ಕಂದು ಚುಕ್ಕೆಯೊಂದು ಕಂಡರೂ ಕೊಳೆ ಒಳಗಿದೆ ಎಂದರ್ಥ; ಅದು ಕಾಣದಾಗುವ ತನಕ ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತ ಮೇಲೆ ಹೋಗಬೇಕು, ಪ್ರತಿ ಸಲವೂ ಕತ್ತಿ ಒರೆಸಬೇಕು.

ಎಲೆಗಳನ್ನೆಲ್ಲ ತೆಗೆಯಿರಿ. ಕಿತ್ತರೆ ತೊಗಟೆ ಸೀಳಬಹುದು, ಆದ್ದರಿಂದ ತೊಟ್ಟನ್ನು ಒಂದು ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಉಳಿದ ತುಂಡು ತಾನಾಗಿ ಒಣಗಿ ಉದುರುತ್ತದೆ. ಹೂಗೊಂಚಲು ಇದ್ದರೆ ಅದೂ ಹೋಗಲಿ. ಬಳಿಕ ಕಡ್ಡಿಯನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಒಂದರಿಂದ ಎರಡು ವಾರ ಇಡಿ. ಕತ್ತರಿಸಿದ ಮುಖ ಗಾಯ ಮಾಯ್ದಂತೆ ಹಕ್ಕಳೆಗಟ್ಟಿ, ಮುಟ್ಟಿದರೆ ಒಣಗಿ ಗಟ್ಟಿಯಾಗಿರಬೇಕು. ಕತ್ತರಿಸಿದ ದಿನವೇ ನೆಟ್ಟರೆ ಅದೇ ಹಸಿ ಗಾಯ ಮಣ್ಣಿನ ರೋಗಾಣುಗಳಿಗೆ ತೆರೆದ ಬಾಗಿಲು. ಒಣಗುವಾಗ ಕಡ್ಡಿ ಕೊಂಚ ಸುಕ್ಕಾದರೆ ಚಿಂತೆಯಿಲ್ಲ, ಬೇರು ಬಂದ ಮೇಲೆ ತುಂಬಿಕೊಳ್ಳುತ್ತದೆ. ಬೇರು ಹುಟ್ಟಿಸುವ ಹಾರ್ಮೋನ್ ಪುಡಿ ಇದ್ದರೆ ಹಚ್ಚಿ, ಇಲ್ಲದಿದ್ದರೆ ಅದಕ್ಕಾಗಿ ಅಂಗಡಿ ಸುತ್ತಬೇಕಾಗಿಲ್ಲ.

ನೆಡಲು 15ರಿಂದ 18 ಸೆಂಟಿಮೀಟರ್ ಅಗಲದ ಕುಂಡ ಸಾಕು. ಕಡ್ಡಿಯ ಕೆಳಗಿನ 8ರಿಂದ 10 ಸೆಂಟಿಮೀಟರ್ ಮಾತ್ರ ಮಣ್ಣಿನೊಳಗೆ. ಭದ್ರವಾಗಿ ನಿಲ್ಲಲೆಂದು ಆಳಕ್ಕೆ ಇಳಿಸುವವರು ಬಹಳ. ಹಾಗೆ ಮಾಡಿದರೆ ತೇವದಲ್ಲಿ ನಿಲ್ಲುವ ತೊಗಟೆಯಷ್ಟೇ ಹೆಚ್ಚುತ್ತದೆ. ಭದ್ರತೆಗೆ ಪಕ್ಕದಲ್ಲಿ ಒಂದು ಕೋಲು ಊರಿ, ಕಡ್ಡಿಯನ್ನು ಅದಕ್ಕೆ ಎರಡು ಕಡೆ ಬಟ್ಟೆಯ ಪಟ್ಟಿಯಿಂದ ಕಟ್ಟಿ. ಗಾಳಿಗೆ ಕಡ್ಡಿ ಅಲ್ಲಾಡಿದರೆ ಆಗಷ್ಟೇ ಹೊರಟ ಕೂದಲಿನಂಥ ಬೇರು ತುಂಡಾಗುತ್ತದೆ. ಬೇರು ಬಂತೇ ಎಂದು ಕಿತ್ತು ನೋಡುವುದರ ಫಲವೂ ಅದೇ.

ನೆಟ್ಟ ದಿನ ಒಮ್ಮೆ ನೀರು ಹಾಕಿ, ಮಣ್ಣು ಕಡ್ಡಿಗೆ ಒತ್ತಿ ಕೂರಲಿ. ಆಮೇಲೆ ಎರಡು ಮೂರು ಎಲೆ ಪೂರ್ತಿ ಬಿಚ್ಚಿ ಅಗಲವಾಗುವ ತನಕ ಕೈಕಟ್ಟಿ ಕೂರಿ. ಬಹಳ ಒಣಹವೆಯಿದ್ದು ಕಡ್ಡಿ ತೀರಾ ಸುಕ್ಕಾಗತೊಡಗಿದರೆ ಬುಡಕ್ಕಲ್ಲ, ಕುಂಡದ ಅಂಚಿನ ಸುತ್ತ ಅರ್ಧ ಲೋಟ ನೀರು ಹಾಕಬಹುದು. ಬೇರು ಬರುವುದಕ್ಕೆ ಮಣ್ಣಿನ ಬಿಸಿ ಮುಖ್ಯ, 24ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಆರರಿಂದ ಎಂಟು ವಾರದಲ್ಲಿ ಕೆಲಸ ಆಗುತ್ತದೆ. ತಣ್ಣನೆಯ ನೆಲದ ಮೇಲೆ ಕುಂಡ ಇಡುವ ಬದಲು ಬಿಸಿಲು ಬೀಳುವ ಕಟ್ಟೆಯ ಮೇಲಿಟ್ಟರೆ ಎಷ್ಟೋ ಅನುಕೂಲ.

ಹೊಸಬರು ಮೋಸಹೋಗುವ ಜಾಗವೊಂದಿದೆ. ಕಡ್ಡಿ ತನ್ನೊಳಗಿನ ಸಂಗ್ರಹದಿಂದಲೇ ಎಲೆ ಬಿಡಬಲ್ಲದು, ಹೂವನ್ನೂ ಬಿಡಬಲ್ಲದು, ಬೇರಿನ ಸುಳಿವೇ ಇಲ್ಲದೆ! ಬೆರಳುದ್ದದ ಎರಡು ಎಲೆ ಕಂಡೊಡನೆ ಬೇರು ಬಂತೆಂದು ನೀರು ಸುರಿದರೆ ಕೆಟ್ಟಿತು. ಎಲೆ ಬಿಚ್ಚಿ, ಪೂರ್ತಿ ಅಗಲವಾಗಿ, ಬಿಸಿಲಿನಲ್ಲೂ ಜೋಲದೆ ನಿಂತರೆ ಆಗ ಬೇರು ಕೆಲಸ ಮಾಡುತ್ತಿದೆ ಎನ್ನಬಹುದು. ಎಲೆ ಒಂದು ಅಳತೆಗೆ ಬಂದು ವಾರಗಟ್ಟಲೆ ಅಲ್ಲಿಯೇ ನಿಂತುಬಿಟ್ಟರೆ ಬೇರು ಇನ್ನೂ ಬಂದಿಲ್ಲ. ಬೇರುಬಿಡುವ ಮೊದಲೇ ಮೊಗ್ಗು ಬಂದರೆ ಚಿವುಟಿಬಿಡಿ. ಮನಸ್ಸು ಒಪ್ಪದಿದ್ದರೂ ಚಿವುಟಿ. ಕಡ್ಡಿ ತನ್ನ ಬುತ್ತಿಯನ್ನೆಲ್ಲ ಹೂವಿಗೆ ಸುರಿದರೆ ಬೇರಿಗೆ ಉಳಿಯುವುದಿಲ್ಲ.

ನೀರು ಬಸಿಯುವ ಮಣ್ಣು, ಅಳತೆಯ ಕುಂಡ

ಬರಿಯ ತೋಟದ ಮಣ್ಣು ಕುಂಡಕ್ಕೆ ಆಗದು, ನಾಲ್ಕು ನೀರಿಗೆ ಗಟ್ಟಿಯಾಗಿ ಕೂರುತ್ತದೆ. ಬರಿಯ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇನ್ನೂ ಅಪಾಯ. ಮೇಲೆ ಒಣಗಿದಂತೆ ಕಂಡರೂ ಒಳಗೆ ಸ್ಪಂಜಿನಂತೆ ನೀರು ಹಿಡಿದಿರುತ್ತದೆ. ಎರಡು ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರ ಬಿಳಿ ಕಾಳು ಅಥವಾ ಬಟಾಣಿ ಗಾತ್ರದ ಇಟ್ಟಿಗೆ ಚೂರು, ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ: ಈ ಮಿಶ್ರಣ ಎಲ್ಲೆಡೆ ನಡೆಯುತ್ತದೆ. ಕಡ್ಡಿ ಬೇರುಬಿಡಿಸಲಾದರೆ ಗೊಬ್ಬರದ ಪಾಲನ್ನು ಬಿಟ್ಟು ಮರಳು ಹೆಚ್ಚಿಸಿ. ಮರಳು ಎಂದರೆ ಎರಡು ಮೂರು ಮಿಲಿಮೀಟರ್‌ನ ಕಾಳುಮರಳು; ನುಣ್ಣನೆಯ ಮರಳು ಮಣ್ಣಿನ ಸಂದುಗಳಿಗೆ ಇಳಿದು ಸಿಮೆಂಟಿನಂತೆ ಕೂರುತ್ತದೆ, ಹಾಕದಿರುವುದೇ ವಾಸಿ. ತುಂಬಿದ ಕುಂಡಕ್ಕೆ ಒಂದು ಲೀಟರ್ ನೀರು ಸುರಿದು ನೋಡಿ. ಮೇಲೆ ನಿಂತ ನೀರು ಹತ್ತು ಹದಿನೈದು ಸೆಕೆಂಡಿನಲ್ಲಿ ಒಳಗಿಳಿದು, ಸ್ವಲ್ಪ ಹೊತ್ತಿಗೇ ಕೆಳಗಿನ ತೂತಿನಿಂದ ಬಂದರೆ ಮಣ್ಣು ಸರಿಯಿದೆ.

ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಹಳೆಯದು, ಆದರೆ ಸುಳ್ಳು. ನುಣುಪು ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ತೊಯ್ಯುವ ತನಕ ಅದರಲ್ಲೇ ತೂಗಿಕೊಂಡಿರುತ್ತದೆ. ಅಂದರೆ ಒದ್ದೆಯ ಪದರ ಜಲ್ಲಿಯ ಎತ್ತರದಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದಂತಾಯಿತು. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಅಥವಾ ಬಲೆಯ ತುಂಡು ಸಾಕು.

ಮುಂದೆ ದೊಡ್ಡದಾಗುವ ಗಿಡಕ್ಕೆ ಈಗಲೇ ದೊಡ್ಡ ಕುಂಡ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ಬೇರು ತಲುಪದ ಮಣ್ಣಿನ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. 15 ಸೆಂಟಿಮೀಟರ್ ಕುಂಡದ ಬೇರು ತೂತಿನಿಂದ ಇಣುಕಿದ ಮೇಲೆ 20-25ಕ್ಕೆ, ಮುಂದೆ 30-35ಕ್ಕೆ ಹೋಗಿ. ಎರಡು ವರ್ಷಕ್ಕೊಮ್ಮೆ, ಚಳಿ ಮುಗಿದು ಚಿಗುರುವ ಹೊತ್ತಿಗೆ ಬದಲಿಸಿದರೆ ಸಾಕು. ಮಣ್ಣಿನ ಕುಂಡ ಬೇಗ ಆರುವುದರಿಂದ ಕೈ ಮುಂದಾಗಿ ನೀರು ಹಾಕುವವರಿಗೆ ಅದೇ ಒಳ್ಳೆಯದು. ಎಲೆ ತುಂಬಿದ ಗಿಡ ತಲೆಭಾರವಾಗಿ ಪ್ಲಾಸ್ಟಿಕ್ ಕುಂಡವನ್ನು ಉರುಳಿಸುವುದೂ ಉಂಟು. ನೆಲದಲ್ಲಿ ನೆಡುವುದಾದರೆ ಮಳೆನೀರು ನಿಲ್ಲದ ಜಾಗ ಹುಡುಕಿ. ಜಿಗುಟು ಮಣ್ಣಾದರೆ ಗುಂಡಿ ತೋಡುವ ಬದಲು ಒಂದು ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಜಿಗುಟು ಮಣ್ಣಿನಲ್ಲಿ ತೋಡಿ ಒಳ್ಳೆಯ ಮಣ್ಣು ತುಂಬಿದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ.

ಬಿಸಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ಗಿಡ ಬದುಕುತ್ತದೆ, ಕೊಂಬೆ ಸಣಕಲಾಗಿ ಉದ್ದಕ್ಕೆ ಎಳೆಯುತ್ತದೆ, ಹೂ ಬಿಡುವುದಿಲ್ಲ. ಮನೆಯೊಳಗೆ, ಕಿಟಕಿಯ ಪಕ್ಕ ಇಟ್ಟು ಹೂ ಕಾಣುವ ಆಸೆ ಬೇಡ. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗೆ ಇಟ್ಟರೆ ಎಲೆಯೂ ತೊಗಟೆಯೂ ಸುಡುತ್ತವೆ, ಹತ್ತು ದಿನ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ.

ನೀರು ಹಾಕುವ ಬಗೆ

ದಿನಾ ಒಂದಿಷ್ಟು ಚಿಮುಕಿಸುವುದು ಕೆಟ್ಟ ಅಭ್ಯಾಸ. ಹಾಕಿದಾಗ ತಳದ ತೂತಿನಿಂದ ಹರಿಯುವಷ್ಟು ಹಾಕಿ, ಮತ್ತೆ ಬೆರಳನ್ನು ಐದು ಸೆಂಟಿಮೀಟರ್ ಇಳಿಸಿದಾಗ ಒಣಗಿ ತೋರುವ ತನಕ ಸುಮ್ಮನಿರಿ. ಬೆರಳಿಗಿಂತಲೂ ಚೆನ್ನಾದ ಅಳತೆ ತೂಕ: ನೀರು ಹಾಕಿದ ಮೇಲೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ಕುಂಡ ಎತ್ತಿ ನೋಡಿದರೆ ಮೂರನೇ ಸಲಕ್ಕೆ ಕೈಗೇ ಗೊತ್ತಾಗುತ್ತದೆ. ತುಂಬು ಎಲೆಯ ಗಿಡ ಕಡುಬಿಸಿಲಿನಲ್ಲಿ ಎರಡು ದಿನಕ್ಕೊಮ್ಮೆ ಕೇಳಬಹುದು, ಮೋಡದ ವಾರದಲ್ಲಿ ಎಂಟು ದಿನವಾದರೂ ಕೇಳದಿರಬಹುದು. ಹಾಗಾಗಿ ವಾರಕ್ಕೆ ಇಷ್ಟು ಸಲ ಎಂಬ ಪಟ್ಟಿ ಯಾರಾದರೂ ಕೊಟ್ಟರೆ ಪಕ್ಕಕ್ಕಿಡಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ, ಇಟ್ಟರೆ ನಿಂತ ನೀರು ಚೆಲ್ಲಿ. ಮಳೆ ದಿನಗಟ್ಟಲೆ ಹಿಡಿದಾಗ ಚಿಕ್ಕ ಗಿಡಗಳನ್ನು ಸೂರಿನಡಿ ಸರಿಸಿ.

ಕಾಂಡ ಸುಕ್ಕಾಗಿದೆ, ಏನು ಮಾಡಬೇಕು? ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಕ್ಕಿದ್ದರೂ ಗಟ್ಟಿಯಾಗಿದ್ದರೆ ಬಾಯಾರಿಕೆ. ನೀರು ಕೊಟ್ಟ ಕೆಲವು ದಿನಕ್ಕೆ ತುಂಬಿಕೊಳ್ಳುತ್ತದೆ. ಒತ್ತಿದಲ್ಲಿ ಮೆತ್ತಗೆ ಕುಸಿದರೆ, ಬಣ್ಣ ಕಪ್ಪಿಗೆ ತಿರುಗಿದ್ದರೆ ಕೊಳೆ. ಕೊಳೆತ ಬೇರಿನ ಗಿಡವೂ ನೀರು ಸಿಗದೆ ಸುಕ್ಕಾಗುವುದರಿಂದ ಎರಡೂ ದೂರಕ್ಕೆ ಒಂದೇ ಥರ ಕಾಣುತ್ತವೆ. ಒತ್ತದೆ ನೀರು ಹಾಕುವುದು ಬೇಡ. ಕೊಳೆತಿದ್ದರೆ ತಡಮಾಡದೆ ಕಿತ್ತು, ತಿರುಳು ಬೆಳ್ಳಗೆ ಕಾಣುವ ತನಕ ಕತ್ತರಿಸಿ, ಉಳಿದ ಭಾಗವನ್ನು ಹೊಸ ಕಡ್ಡಿಯೆಂದೇ ತಿಳಿದು ಒಣಗಿಸಿ ನೆಡಿ. ತುದಿಯ ಒಂದು ಗೇಣು ಉಳಿದರೂ ಗಿಡ ಉಳಿದಂತೆ. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ಗೊಬ್ಬರ ಮತ್ತು ಹೂ

ಹೂವಿಗೆ ರಂಜಕ ಹೆಚ್ಚು ಬೇಕು ಎಂದು ಹತ್ತು-ಐವತ್ತು-ಹತ್ತರಂಥ ಅಂಕಿಗಳ ಪೊಟ್ಟಣ ಮಾರುವುದುಂಟು; ಆ ಮೂರು ಅಂಕಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ನ ಪಾಲು. ಅಷ್ಟು ರಂಜಕ ಗಿಡಕ್ಕೆ ಬೇಕಿಲ್ಲ. ಮಣ್ಣಿನಲ್ಲಿ ಕೂಡಿಕೊಂಡ ರಂಜಕ ಕಬ್ಬಿಣ, ಸತುವು ಬೇರಿಗೆ ದಕ್ಕದಂತೆ ಮಾಡಿ ಎಳೆ ಎಲೆ ಹಳದಿಯಾಗುತ್ತದೆ. ಸಾರಜನಕ ಹೆಚ್ಚಾದರೆ ಎಲೆ ಆನೆಕಿವಿಯಷ್ಟಾಗಿ, ಕೊಂಬೆ ಉದ್ದುದ್ದ ಬೆಳೆದು, ಹೂ ಮಾತ್ರ ನಾಪತ್ತೆ. ಮೂರೂ ಅಂಕಿ ಸರಿಸಮವಾಗಿರುವ, ಸೂಕ್ಷ್ಮ ಪೋಷಕಾಂಶ ಸೇರಿದ, ನಿಧಾನವಾಗಿ ಕರಗುವ ಗೊಬ್ಬರ ಒಳ್ಳೆಯದು. ಹತ್ತು ಲೀಟರ್ ಮಣ್ಣಿನ ಕುಂಡಕ್ಕೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ, ಚಿಗುರುವಾಗ ಒಮ್ಮೆ, ಮೂರು ನಾಲ್ಕು ತಿಂಗಳಿಗೆ ಇನ್ನೊಮ್ಮೆ. ಸಾವಯವವೇ ಬೇಕೆಂದರೆ ತಿಂಗಳಿಗೆರಡು ಹಿಡಿ ಎರೆಗೊಬ್ಬರ. ಬೇರುಬಿಡದ ಕಡ್ಡಿಗೆ, ನಿದ್ದೆಯಲ್ಲಿರುವ ಗಿಡಕ್ಕೆ ಯಾವ ಗೊಬ್ಬರವೂ ಬೇಡ. ಚಳಿಗೆ ಎರಡು ತಿಂಗಳ ಮುಂಚೆಯೇ ನಿಲ್ಲಿಸಿ. ಆಗ ಹುಟ್ಟುವ ಎಳೆ ಕುಡಿ ಚಳಿ ತಡೆಯಲಾರದು.

ಎಪ್ಸಮ್ ಉಪ್ಪನ್ನು ಸರ್ವರೋಗಕ್ಕೂ ಮದ್ದೆಂಬಂತೆ ಹಾಕುವವರಿದ್ದಾರೆ. ಅದರಲ್ಲಿರುವುದು ಮೆಗ್ನೀಸಿಯಂ ಮತ್ತು ಗಂಧಕ. ಕೆಳಗಿನ ಹಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮಾತ್ರ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ ಹಾಕಿ. ಅದೇ ಲಕ್ಷಣ ಮೇಲಿನ ಎಳೆ ಎಲೆಯಲ್ಲಿದ್ದರೆ ಕೊರತೆ ಕಬ್ಬಿಣದ್ದು, ಎಪ್ಸಮ್ ಉಪ್ಪಿನಿಂದ ಏನೂ ಆಗದು.

ಹೂಗೊಂಚಲು ಬರುವುದು ಕೊಂಬೆಯ ತುದಿಯ ಸುಳಿಯಲ್ಲಿ. ಅಲ್ಲಿ ಹೂ ಮುಗಿದ ಮೇಲೆ ಕೊಂಬೆ ನೆಟ್ಟಗೆ ಬೆಳೆಯಲಾರದು; ಗೊಂಚಲಿನ ಕೆಳಗಿನಿಂದ ಎರಡೋ ಮೂರೋ ಕವಲಾಗಿ ಒಡೆಯುತ್ತದೆ, ಮುಂದೆ ಆ ಕವಲುಗಳ ತುದಿಯಲ್ಲಿ ಹೂ. ಮರದ ಒಂದೊಂದು ಕವಲನ್ನೂ ಎಣಿಸಿದರೆ ಅದು ಎಷ್ಟು ಸಲ ಹೂ ಬಿಟ್ಟಿದೆ ಎಂಬ ಲೆಕ್ಕ ಸಿಕ್ಕೀತು, ನಡುವೆ ಯಾರೂ ಕತ್ತರಿ ಹಾಕಿರದಿದ್ದರೆ. ಆದ್ದರಿಂದ ಕತ್ತರಿಸಿದ ಕೊಂಬೆಯಲ್ಲಿ ಆ ವರ್ಷದ ಹೂವಿನ ಆಸೆ ಬಿಡಬೇಕು. ಗಿಡ ಪೊದೆಯಾಗಲೆಂದು ಕತ್ತರಿಸುವುದಾದರೆ ನಿದ್ದೆ ಮುಗಿಯುವ ಹೊತ್ತಿಗೆ, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಿ. ಎಲ್ಲ ಕೊಂಬೆಯನ್ನೂ ಒಟ್ಟಿಗೆ ಬೋಳಿಸುವ ಬದಲು ಈ ವರ್ಷ ಅರ್ಧ, ಬರುವ ವರ್ಷ ಅರ್ಧ ಎಂದುಕೊಂಡರೆ ಅಂಗಳ ಹೂವಿಲ್ಲದೆ ಇರುವುದಿಲ್ಲ.

ಗಿಡ ಸೊಂಪಾಗಿದ್ದೂ ಹೂ ಬಾರದಿದ್ದರೆ ಮೊದಲು ಬಿಸಿಲಿನ ಗಂಟೆ ಎಣಿಸಿ, ಆಮೇಲೆ ಸಾರಜನಕ ನೋಡಿ. ಎರಡೂ ಸರಿಯಿದ್ದರೆ ವಯಸ್ಸು: ಕಡ್ಡಿಯಿಂದ ಬಂದ ಗಿಡ ಒಂದೆರಡು ವರ್ಷದಲ್ಲಿ ಹೂ ಬಿಡುತ್ತದೆ, ಬೀಜದ್ದು ನಾಲ್ಕೈದು ವರ್ಷ ಕಾಯಿಸಬಹುದು. ಮೊಗ್ಗು ಬಂದು ಅರಳದೆ ಉದುರಿದರೆ ಕಾರಣ ಬೇರೆ. ನೀರು ಒಮ್ಮೆ ತೀರಾ ಒಣಗಿ ಒಮ್ಮೆ ತೀರಾ ಹೆಚ್ಚಾಗುವುದು, ಇದ್ದಕ್ಕಿದ್ದಂತೆ ಬೀಳುವ ಚಳಿ, ಮೊಗ್ಗಿನೊಳಗೆ ಸೇರಿ ರಸ ಹೀರುವ ಥ್ರಿಪ್ಸ್ ಅಥವಾ ನುಸಿ. ಉದುರಿದ ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿದರೆ ಓಡಾಡುವ ಹುಳ ಕಂಡುಬಿಡುತ್ತದೆ.

ರೋಗ, ಹುಳ

ಹೆಚ್ಚಾಗಿ ಬರುವುದು ತುಕ್ಕುರೋಗ. ಎಲೆಯ ಮೇಲ್ಮೈಯಲ್ಲಿ ಹಳದಿ ಚುಕ್ಕೆ, ತಿರುವಿ ನೋಡಿದರೆ ಬೆರಳಿಗಂಟುವ ಕಿತ್ತಳೆ ಪುಡಿ. ಎಲೆ ಕಂದಾಗಿ ಅಕಾಲದಲ್ಲಿ ಉದುರುತ್ತದೆ. ಗಿಡ ಇದರಿಂದ ಸಾಯುವುದಿಲ್ಲ, ಸೊರಗುತ್ತದೆ. ಪುಡಿ ಎಂದರೆ ಶಿಲೀಂಧ್ರದ ಬೀಜಕಣ. ಗಾಳಿಗೆ ಹಾರಿ ಒದ್ದೆ ಎಲೆಯ ಮೇಲೆ ಕುಳಿತು ಮೊಳೆಯುತ್ತದೆ. ಹಾಗಾಗಿ ನೀರು ಬುಡಕ್ಕೆ, ಬೆಳಿಗ್ಗೆ. ಗಿಡಗಳ ನಡುವೆ ಗಾಳಿ ಆಡುವಷ್ಟು ಜಾಗ. ರೋಗದ ಎಲೆ ಕಿತ್ತು, ಬಿದ್ದವನ್ನೂ ಗುಡಿಸಿ, ಚೀಲಕ್ಕೆ ತುಂಬಿ ಎಸೆಯಿರಿ. ಕಾಂಪೋಸ್ಟ್ ಗುಂಡಿಗೆ ಬೇಡ. ಹಬ್ಬುತ್ತಲೇ ಇದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಪೊಟ್ಟಣದ ಮೇಲಿನ ಅಳತೆಯಲ್ಲಿ ಎಲೆಯ ಅಡಿಗೆ ಸಿಂಪಡಿಸಬಹುದು, ತಂಪು ಹೊತ್ತಿನಲ್ಲಿ. ಬೇವಿನೆಣ್ಣೆ ಹೊಡೆದ ಎರಡು ಮೂರು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಸುಳಿ ಕಪ್ಪಾಗಿ ಸುಟ್ಟಂತೆ ಕಾಣುವುದು ಇನ್ನೊಂದು. ತಂಪು, ತೇವ ಎರಡೂ ಕೂಡಿದ ದಿನಗಳಲ್ಲಿ ಇದು ಬರುತ್ತದೆ. ಒತ್ತಿದರೆ ಕೆಳಗೆ ಗಟ್ಟಿಯಾಗಿದ್ದರೆ ಅವಸರ ಬೇಡ, ಬಿಸಿಲೇರಿದ ಮೇಲೆ ಪಕ್ಕದಿಂದ ಕವಲೊಡೆಯುತ್ತದೆ. ಮೆತ್ತಗಾಗಿ ಕೆಳಗಿಳಿಯುತ್ತಿದ್ದರೆ ಕತ್ತರಿಸಲೇಬೇಕು.

ಎಲೆಯ ಬಣ್ಣ ಮಾಸಿ, ಸೂಜಿಮೊನೆಯಷ್ಟು ಬಿಳಿ ಚುಕ್ಕೆ ತುಂಬಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಕೆಂಪು ನುಸಿ. ಬಿಸಿ ಮತ್ತು ಒಣಹವೆಯಲ್ಲಿ ಅತಿವೇಗವಾಗಿ ಹೆಚ್ಚುತ್ತದೆ. ಪೈಪಿನಿಂದ ಎಲೆಯಡಿಗೆ ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತದೆ, ನಾಲ್ಕು ದಿನಕ್ಕೊಮ್ಮೆ ಮೂರು ಸಲ ಮಾಡಿ. ತುಕ್ಕುರೋಗ ಇರುವ ಗಿಡಕ್ಕೆ ಮಾತ್ರ ಈ ಉಪಾಯ ಆಗದು. ಹತ್ತಿಯಂತೆ ಅಂಟಿಕೊಂಡ ಹಿಟ್ಟುತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಬಿಳಿನೊಣ, ಹುರುಪೆಯಂತೆ ಅಂಟಿಕೊಳ್ಳುವ ಶಲ್ಕಕೀಟಗಳಿಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಒಂದೆರಡು ಹನಿ ಸೋಪು, ಸಂಜೆ ಹೊತ್ತು. ಕೊಂಬೆಯಲ್ಲಿ ತೂತು, ಅದರಿಂದ ಕಪ್ಪು ರಸ ಮತ್ತು ಪುಡಿ ಕಂಡರೆ ಒಳಗೆ ಕಾಂಡ ಕೊರೆಯುವ ಹುಳವಿದೆ. ಮದ್ದು ಅದಕ್ಕೆ ತಲುಪುವುದಿಲ್ಲ, ಆ ಕೊಂಬೆಯನ್ನು ಹುಳದ ಸಮೇತ ಕತ್ತರಿಸಿ ನಾಶ ಮಾಡಿ.

ಚಳಿಗಾಲ

ಹಗಲು ಕಿರಿದಾಗಿ ರಾತ್ರಿಯ ತಾಪಮಾನ 10-12 ಡಿಗ್ರಿಗೆ ಇಳಿಯತೊಡಗಿದಾಗ ಎಲೆ ಹಳದಿಯಾಗಿ ಉದುರುವುದು ಸಹಜ. ಆಗಲೇ ನೀರು ಕಡಿಮೆ ಮಾಡುತ್ತ ಬಂದು, ಬೋಳಾದ ಮೇಲೆ ನಿಲ್ಲಿಸಿ. ದೊಡ್ಡ ಗಿಡಕ್ಕೆ ಏನೂ ಬೇಡ. ಚಿಕ್ಕ ಕುಂಡದ ಎಳೆಯ ಗಿಡಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧ ಲೋಟ. ಹಿಮ ಬೀಳುವ ಕಡೆ ಹೊರಗೆ ಬಿಟ್ಟರೆ ಗಿಡ ಉಳಿಯದು, ತಿರುಳಿನ ನೀರು ಹೆಪ್ಪುಗಟ್ಟಿ ಕೊಂಬೆ ಒಳಗಿನಿಂದಲೇ ಸೀಳಿಹೋಗುತ್ತದೆ. ಅಂಥಲ್ಲಿ ಕುಂಡವನ್ನು ಒಳಗೆ ತನ್ನಿ. ನಿದ್ದೆಯಲ್ಲಿರುವ ಗಿಡಕ್ಕೆ ಬೆಳಕೂ ಬೇಕಾಗಿಲ್ಲ, 10 ಡಿಗ್ರಿಗಿಂತ ಬೆಚ್ಚಗಿನ ಒಣ ಮೂಲೆ ಸಾಕು. ಜಾಗ ಕಡಿಮೆಯಿದ್ದರೆ ಮಣ್ಣು ಕೊಡವಿ, ಬೇರನ್ನು ಕಾಗದದಲ್ಲಿ ಸುತ್ತಿ ಬರಿಗಿಡವಾಗಿಯೇ ಇಡುವುದೂ ಉಂಟು. ಸುಳಿಯಲ್ಲಿ ಹಸಿರು ಕಂಡ ಮೇಲೆ ಹೊರಗೆ ತನ್ನಿ. ಬೆರಳುದ್ದದ ಎಲೆ ಬಂದ ಮೇಲೆ ಮೊದಲ ತುಂಬು ನೀರು.

ಬೀಜದಿಂದ

ಕಡ್ಡಿ ತಾಯಿಗಿಡದ ಪಡಿಯಚ್ಚು. ಬೀಜ ಹಾಗಲ್ಲ, ಕೆಂಪು ಹೂವಿನ ಗಿಡದ ಬೀಜದಿಂದ ಹಳದಿ ಬರಬಹುದು, ಬಿಳಿ ಬರಬಹುದು. ಆ ಕುತೂಹಲ ಇರುವವರಿಗೆ ಮಾತ್ರ ಈ ದಾರಿ. ಹೂವಿನಲ್ಲಿ ಮಕರಂದವೇ ಇಲ್ಲ. ರಾತ್ರಿ ಹೆಚ್ಚುವ ಪರಿಮಳಕ್ಕೆ ಮರುಳಾಗಿ ಬರುವ ದೊಡ್ಡ ಪತಂಗಗಳು ಏನೂ ಸಿಗದೆ ಹೂವಿಂದ ಹೂವಿಗೆ ಹಾರುವಾಗ ಪರಾಗಸ್ಪರ್ಶ ಆಗುತ್ತದೆ. ಮೋಸ ಗೊತ್ತಾದ ಪತಂಗ ಎಷ್ಟು ಸಲ ಬಂದೀತು? ಕಾಯಿ ಕಚ್ಚುವುದು ಕಡಿಮೆ. ಕಚ್ಚಿದರೆ ಜೋಡಿ ಕೊಂಬಿನಂಥ ಕಾಯಿ, ಬಲಿಯಲು ಎಂಟರಿಂದ ಹತ್ತು ತಿಂಗಳು. ಹಸಿರಿರುವಾಗ ಕಿತ್ತರೆ ಬೀಜ ಜೊಳ್ಳು. ಕಂದಾಗಿ ತಾನೇ ಬಿರಿಯಬೇಕು. ರೆಕ್ಕೆಯ ಬೀಜ ಗಾಳಿಗೆ ಹಾರದಂತೆ ಮುಂಚೆಯೇ ಬಲೆಚೀಲ ಕಟ್ಟಿಡಿ.

ಬೀಜವನ್ನು ರಾತ್ರಿ ನೆನೆಸಿ, ದಪ್ಪ ತುದಿ ಕೆಳಗೆ, ರೆಕ್ಕೆ ಮಣ್ಣಿನ ಮೇಲೆ ಕೊಂಚ ಕಾಣುವಂತೆ ಊರಿ. ಬೆಚ್ಚಗಿದ್ದರೆ ಒಂದೆರಡು ವಾರದಲ್ಲಿ ಮೊಳಕೆ. ಸಸಿಗೆ ಕಡ್ಡಿಯ ಹಾಗೆ ಕೂಡಿಟ್ಟ ನೀರಿಲ್ಲ, ಮಣ್ಣು ಪೂರ್ತಿ ಒಣಗಲು ಬಿಡಬೇಡಿ; ಈ ಲೇಖನದಲ್ಲಿ ನೀರು ಹಾಕಿ ಎಂದು ಒತ್ತಿ ಹೇಳುವ ಜಾಗ ಇದೊಂದೇ. ನಾಲ್ಕಾರು ಎಲೆ ಬಂದ ಮೇಲೆ ಒಂದೊಂದನ್ನೂ ಬೇರೆ ಕುಂಡಕ್ಕೆ ಸರಿಸಿ, ತಾಯಿಗಿಡದ ಹೆಸರು ಮತ್ತು ಬಿತ್ತಿದ ದಿನವನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿ ಚುಚ್ಚಿಡಿ. ಪೆನ್ನಿನ ಶಾಯಿ ಮೊದಲ ಹೂ ಬರುವಷ್ಟು ವರ್ಷ ಬಿಸಿಲಿನಲ್ಲಿ ಉಳಿಯುವುದಿಲ್ಲ.